ನಿಮಗಿದು ಗೊತ್ತೆ? ಹೆವಿವೇಟ್ ಗುದ್ದಿನ ಬಲ ಎಷ್ಟು?

ಹೆವಿವೇಟ್ ಬಾಕ್ಸರ್‌ನ ಒಂದು ಗುದ್ದಿಗೆ ನಿಜಕ್ಕೂ ಎಷ್ಟು ಬಲ? ಬಾಕ್ಸಿಂಗ್ ಪ್ರಿಯರ ನಡುವೆ ಈ ವಾದ ಮುಗಿದದ್ದೇ ಇಲ್ಲ. ಬ್ರಿಟನ್ನಿನ ಸಂಶೋಧಕರು ಅದನ್ನು ಅಳೆದೇ ನೋಡಿದರು. 1985ರಲ್ಲಿ ಪ್ರಕಟವಾದ ಆ ಅಧ್ಯಯನಕ್ಕಾಗಿ ಗುದ್ದಿದವರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊ. ಅವರ ಮುಷ್ಟಿ ಅರ್ಧ ಮೀಟರಿನಷ್ಟು ದೂರವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದಾಟಿ, ಗಂಟೆಗೆ ಸುಮಾರು 32 ಕಿ.ಮೀ. ವೇಗದಲ್ಲಿ ಗುರಿಗೆ ಬಡಿಯಿತು. ದಾಖಲಾದ ಬಲ 4,096 ನ್ಯೂಟನ್, ಅಂದರೆ 400 ಕಿಲೋಗೂ ಮೀರಿದ ಭಾರಕ್ಕೆ ಸಮ. ಮೆತ್ತೆ ಸುತ್ತಿದ ಆರು ಕಿಲೋ ತೂಕದ ಮರದ ಕೊಡತಿಯನ್ನು ಅದೇ ವೇಗದಲ್ಲಿ ಬೀಸಿದರೆ ಎಂಥ ಪೆಟ್ಟು ಬೀಳುತ್ತದೋ ಅಂಥದ್ದು!

ಇದೆಲ್ಲ ಬರೀ ತೋಳಿನ ಶಕ್ತಿಯಲ್ಲ. ಹಿಂಗಾಲು ನೆಲವನ್ನು ಒತ್ತಬೇಕು, ಸೊಂಟ ತಿರುಗಬೇಕು, ಭುಜ ಮುನ್ನುಗ್ಗಬೇಕು. ಮುಷ್ಟಿಯ ಸರದಿ ಕೊನೆಗೆ. ಪೆಟ್ಟು ದವಡೆಗೆ ಬಿದ್ದು ತಲೆ ಗಕ್ಕನೆ ತಿರುಗಿದರೆ ಎಚ್ಚರ ತಪ್ಪುವ ಸಂಭವ ಹೆಚ್ಚು. 1994ರಲ್ಲಿ 45ರ ಹರೆಯದ ಜಾರ್ಜ್ ಫೋರ್‌ಮನ್, ಅಂಕಗಳಲ್ಲಿ ಹಿಂದಿದ್ದರೂ, 10ನೇ ಸುತ್ತಿನಲ್ಲಿ ಬಲಗೈಯ ಪೆಟ್ಟಿನಿಂದ ಮೈಕೆಲ್ ಮೂರರ್ ಅವರನ್ನು ಉರುಳಿಸಿ ವಿಶ್ವ ಚಾಂಪಿಯನ್ ಆದರು.

ಆದರೂ ಗುದ್ದೊಂದೇ ಎಲ್ಲವನ್ನೂ ತೀರ್ಮಾನಿಸದು. 2018ರ ಡಿಸೆಂಬರಿನಲ್ಲಿ, ಲಾಸ್ ಏಂಜಲಿಸ್‌ನಲ್ಲಿ, ಭೀಕರ ಗುದ್ದಿಗೆ ಹೆಸರಾದ ಡಿಯಾಂಟೆ ವೈಲ್ಡರ್ ಕೊನೆಯ ಸುತ್ತಿನಲ್ಲಿ ಟೈಸನ್ ಫ್ಯೂರಿಯನ್ನು ಅಂಗಾತ ಕೆಡವಿದರು. ರೆಫರಿ ಹತ್ತು ಎಣಿಸುವಷ್ಟರಲ್ಲಿ ಫ್ಯೂರಿ ಎದ್ದು ನಿಂತರು. ಪಂದ್ಯ ಡ್ರಾ ಆಯಿತು.