ಮೌನವೇ ಬಂಗಾರವಾಗಿದ್ದ ಅಂಗಳ

೨೦೦೫ರ ಮಾರ್ಚ್ ೧೭. ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸಂಸದೀಯ ಸಮಿತಿಯೊಂದರ ಮುಂದೆ ಬೇಸ್‌ಬಾಲ್ ತಾರೆಯರು ಸೂಟು ತೊಟ್ಟು ಸಾಲಾಗಿ ಕುಳಿತಿದ್ದರು. ಆಟದಲ್ಲಿ ಸ್ಟೀರಾಯ್ಡ್‌ನಂಥ ಉದ್ದೀಪನ ಮದ್ದಿನ ಬಳಕೆ ಎಷ್ಟಿದೆ ಎಂದು ತಿಳಿಯಲು ಸಮಿತಿ ಅವರನ್ನು ಕರೆಸಿತ್ತು. ರಫೇಲ್ ಪಾಲ್ಮೇರೊ ತೋರುಬೆರಳು ಚಾಚಿ, ತಾನು ಯಾವತ್ತೂ ಸ್ಟೀರಾಯ್ಡ್ ಮುಟ್ಟಿಲ್ಲ ಎಂದರು. ಸ್ಯಾಮಿ ಸೋಸಾ ಅವರ ಹೇಳಿಕೆಯನ್ನು ವಕೀಲರು ಓದಿದರು. ಇಡೀ ದೇಶ ಕಾಯುತ್ತಿದ್ದುದು ಮಾರ್ಕ್ ಮೆಗ್ವೈರ್ ಬಾಯಿ ಬಿಡುವುದನ್ನು. ಅವರು ಮಾತ್ರ, ಹಳೆಯದನ್ನು ಮಾತಾಡಲು ನಾನಿಲ್ಲಿಗೆ ಬಂದಿಲ್ಲ ಎಂಬ ಒಂದೇ ಉತ್ತರಕ್ಕೆ ಅಂಟಿಕೊಂಡರು.

ಐದು ತಿಂಗಳೊಳಗೆ ಪಾಲ್ಮೇರೊ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಐದು ವರ್ಷಗಳ ಬಳಿಕ, ೨೦೧೦ರ ಜನವರಿಯಲ್ಲಿ ಮೆಗ್ವೈರ್ ತಪ್ಪೊಪ್ಪಿಕೊಂಡರು. ಯಾರು ಮದ್ದು ತೆಗೆದುಕೊಂಡರು ಎಂಬ ಪಟ್ಟಿ ಈಗ ಹಳೆಯ ಸುದ್ದಿ. ಆದರೆ ನೂರಾರು ಜನ ಒಂದೇ ಕೋಣೆಗಳಲ್ಲಿ ಬಟ್ಟೆ ಬದಲಿಸುತ್ತ, ಒಂದೇ ವಿಮಾನದಲ್ಲಿ ಓಡಾಡುತ್ತ, ಎಲ್ಲವನ್ನೂ ಕಂಡೂ ಹತ್ತು ಹದಿನೈದು ವರ್ಷ ತುಟಿ ಪಿಟಿಕ್ಕೆನ್ನಲಿಲ್ಲವಲ್ಲ, ಅದು ಹೇಗೆ? ಮದ್ದು ಮುಟ್ಟದವರೂ ಏಕೆ ಸುಮ್ಮನಿದ್ದರು?

ಎಲ್ಲರಿಗೂ ಬೇಕಾಗಿದ್ದ ಹೋಮ್ ರನ್

ಕ್ರಿಕೆಟ್ ನೋಡಿ ಬೆಳೆದ ನಮಗೆ ಹೋಮ್ ರನ್ ಎಂದರೆ ಸಿಕ್ಸರ್‌ನ ಅಣ್ಣ ಎನ್ನಬಹುದು. ಚೆಂಡನ್ನು ಬೇಲಿಯಾಚೆ ಅಟ್ಟಿದರೆ ಆಟದ ಗತಿಯೇ ಬದಲಾಗುತ್ತದೆ. ಒಂದು ಋತುವಿನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದ ದಾಖಲೆ ಅಲ್ಲಿನವರಿಗೆ ದೇವರ ಪ್ರಸಾದವಿದ್ದಂತೆ. ಬೇಬ್ ರೂತ್ ೧೯೨೭ರಲ್ಲಿ ೬೦ ಹೊಡೆದಿದ್ದರು. ೧೯೬೧ರಲ್ಲಿ ರೋಜರ್ ಮ್ಯಾರಿಸ್ ಅದನ್ನು ೬೧ಕ್ಕೆ ಏರಿಸಿದರು. ಆಮೇಲೆ ಮೂವತ್ತೇಳು ವರ್ಷ ಆ ಅಂಕಿ ಅಲ್ಲಾಡಲಿಲ್ಲ.

೧೯೯೪ರಲ್ಲಿ ಆಟಗಾರರ ಮುಷ್ಕರದಿಂದ ವರ್ಲ್ಡ್ ಸೀರೀಸ್ ರದ್ದಾಗಿ, ಜನ ಮುನಿಸಿಕೊಂಡು ಮೈದಾನದಿಂದ ದೂರವಾಗಿದ್ದರು. ಅವರನ್ನು ಮರಳಿ ಕರೆತಂದದ್ದು ೧೯೯೮ರ ಬೇಸಿಗೆ. ಮೆಗ್ವೈರ್ ಮತ್ತು ಸೋಸಾ ಪೈಪೋಟಿಗೆ ಬಿದ್ದು ಹೊಡೆದರು. ಒಬ್ಬರದು ೭೦, ಇನ್ನೊಬ್ಬರದು ೬೬. ಕ್ರೀಡಾಂಗಣಗಳು ತುಂಬಿದವು, ಪತ್ರಿಕೆಗಳು ಹಾಡಿ ಹೊಗಳಿದವು.

ಅದೇ ಆಗಸ್ಟ್‌ನಲ್ಲಿ ಎಪಿ ಸುದ್ದಿಸಂಸ್ಥೆಯ ವರದಿಗಾರ ಸ್ಟೀವ್ ವಿಲ್‌ಸ್ಟೀನ್ ಅವರು ಮೆಗ್ವೈರ್ ಅವರ ಲಾಕರ್‌ನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತಿದ್ದ ಆಂಡ್ರೊಸ್ಟೆನಿಡಿಯೋನ್ ಎಂಬ ಬಾಟಲಿಯ ಬಗ್ಗೆ ಬರೆದರು. ಒಲಿಂಪಿಕ್ಸ್‌ನಲ್ಲೂ ಅಮೆರಿಕನ್ ಫುಟ್‌ಬಾಲ್‌ನಲ್ಲೂ ಅದಕ್ಕೆ ನಿಷೇಧವಿತ್ತು. ಬೇಸ್‌ಬಾಲ್‌ನಲ್ಲಿ ಇರಲಿಲ್ಲ. ಸಿಟ್ಟು ಹರಿದದ್ದು ಬಾಟಲಿಯ ಮೇಲಲ್ಲ, ವರದಿಗಾರನ ಮೇಲೆ. ಎಪಿಯವರನ್ನು ಡ್ರೆಸ್ಸಿಂಗ್ ರೂಮಿನ ಹತ್ತಿರ ಬಿಡಬಾರದು ಎಂದು ತಂಡದ ಮ್ಯಾನೇಜರ್ ಟೋನಿ ಲಾ ರೂಸಾ ಕೂಗಾಡಿದರು. ಮಾಲೀಕರಿಗೆ ಟಿಕೆಟ್ ಹಣ, ಟಿವಿಯವರಿಗೆ ವೀಕ್ಷಕರು, ಪತ್ರಿಕೆಗಳಿಗೆ ಕಥೆ, ಆಟಗಾರರಿಗೆ ದೊಡ್ಡ ಒಪ್ಪಂದ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಅಲ್ಲಿ ಲೆಕ್ಕಪುಸ್ತಕದ ಸತ್ಯವಾಗಿತ್ತು.

ಕೋಣೆಯ ಮಾತು ಕೋಣೆಯಲ್ಲೇ

ಸ್ಟೀರಾಯ್ಡ್ ಒಬ್ಬನಿಗೆ ಚೆಂಡನ್ನು ಗುರುತಿಸುವ ಕಣ್ಣನ್ನು ಕೊಡುವುದಿಲ್ಲ. ಅದು ಸ್ನಾಯು ಬೆಳೆಸುತ್ತದೆ, ದಣಿದ ಮೈಯನ್ನು ಬೇಗ ಚೇತರಿಸಿಕೊಳ್ಳುವಂತೆ ಮಾಡುತ್ತದೆ. ಆರು ತಿಂಗಳಲ್ಲಿ ೧೬೨ ಪಂದ್ಯ ಆಡಬೇಕಾದ ಆಟದಲ್ಲಿ ಎರಡನೆಯದೇ ದೊಡ್ಡ ಆಮಿಷ. ವೈದ್ಯರ ಚೀಟಿಯಿಲ್ಲದೆ ಸ್ಟೀರಾಯ್ಡ್ ಇಟ್ಟುಕೊಳ್ಳುವುದು ಅಮೆರಿಕದ ಕಾನೂನಿನಲ್ಲಿ ಅಪರಾಧವಾಗಿತ್ತು. ೧೯೯೧ರಲ್ಲಿ ಕಮಿಷನರ್ ಫೇ ವಿನ್ಸೆಂಟ್ ಅದನ್ನು ಬಳಸಕೂಡದು ಎಂದು ಸುತ್ತೋಲೆಯನ್ನೂ ಹೊರಡಿಸಿದ್ದರು. ಆದರೆ ಪರೀಕ್ಷೆ ಇರಲಿಲ್ಲ. ಪರೀಕ್ಷೆ ಬೇಕೆಂದರೆ ಆಟಗಾರರ ಸಂಘ ಒಪ್ಪಬೇಕಿತ್ತು.

ಆ ಸಂಘ ಸುಮ್ಮನೆ ಹಠ ಹಿಡಿದಿತ್ತು ಎನ್ನುವಂತಿಲ್ಲ. ಮಾಲೀಕರು ಆಟಗಾರರನ್ನು ಜೀತದಾಳುಗಳಂತೆ ನಡೆಸಿಕೊಂಡ ಕಾಲವನ್ನು ಅದು ಕಂಡಿತ್ತು. ೧೯೮೦ರ ದಶಕದಲ್ಲಿ ಮಾಲೀಕರು ಒಳಗೊಳಗೇ ಒಂದಾಗಿ ಸಂಬಳ ಅದುಮಿದ್ದನ್ನು ಪಂಚಾಯ್ತಿಯ ಮುಂದೆ ಸಾಬೀತುಪಡಿಸಿತ್ತು. ಇಂಥವರ ಕೈಗೆ ಮೂತ್ರದ ಮಾದರಿ ಕೊಡುವುದೆಂದರೆ ಖಾಸಗಿ ಬದುಕನ್ನು ಒತ್ತೆಯಿಟ್ಟಂತೆ ಎಂಬುದು ಅದರ ವಾದ. ಭಾರತದ ಕ್ರಿಕೆಟ್ ಮಂಡಳಿ ೨೦೧೯ರವರೆಗೆ ನಾಡಾವನ್ನು ಹೊರಗಿಟ್ಟಾಗಲೂ ಆಟಗಾರರ ಖಾಸಗಿತನದ ಮಾತೇ ಕೇಳಿಬಂದಿತ್ತು. ವಾದದಲ್ಲಿ ಹುರುಳಿತ್ತು. ಆದರೆ ಸಂಘದ ಸದಸ್ಯರಲ್ಲಿ ಮದ್ದು ತೆಗೆದುಕೊಳ್ಳದವರೂ ಇದ್ದರು. ಅವರ ಪರವಾಗಿ ಮಾತಾಡುವವರು ಯಾರು?

ಒಬ್ಬರು ಎದ್ದು ನಿಂತರು. ೧೯೯೮ರ ಚಳಿಗಾಲದಲ್ಲಿ ಸಂಘದ ಕಾರ್ಯಕಾರಿ ಸಭೆಯಲ್ಲಿ ರಿಕ್ ಹೆಲಿಂಗ್ ಎಂಬ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, ಸ್ಟೀರಾಯ್ಡ್ ಪಿಡುಗಾಗಿದೆ, ಬೇಡವೆನ್ನುವವರೂ ಪೈಪೋಟಿಯಲ್ಲಿ ಉಳಿಯಲು ಅದಕ್ಕೆ ಕೈಹಾಕುವ ಸ್ಥಿತಿ ಬಂದಿದೆ ಎಂದು ಎಚ್ಚರಿಸಿದರು. ಆ ವರ್ಷ ೨೦ ಪಂದ್ಯ ಗೆದ್ದುಕೊಟ್ಟಿದ್ದ ಆಟಗಾರ ಅವರು. ಸಭೆ ಕೇಳಿಸಿಕೊಂಡಿತು, ಮುಂದಿನ ವಿಷಯಕ್ಕೆ ಹೋಯಿತು. ನಂತರದ ವರ್ಷಗಳಲ್ಲೂ ಹೆಲಿಂಗ್ ಅದೇ ಮಾತು ಎತ್ತಿದರು, ಅದೇ ಫಲ.

ಸಂಘದೊಳಗೆ ಹೇಳಿದರೆ ಇಷ್ಟು, ಹೊರಗೆ ಹೇಳಿದರೆ? ಇಲ್ಲಿ ಕಂಡದ್ದು, ಇಲ್ಲಿ ಕೇಳಿದ್ದು ಇಲ್ಲೇ ಇರಲಿ ಎಂಬುದು ಡ್ರೆಸ್ಸಿಂಗ್ ರೂಮಿನ ಹಳೆಯ ಕಟ್ಟಳೆ. ೧೯೭೦ರಲ್ಲಿ ಜಿಮ್ ಬೌಟನ್ ಎಂಬ ಪಿಚರ್ ‘ಬಾಲ್ ಫೋರ್’ ಪುಸ್ತಕದಲ್ಲಿ ಆಟಗಾರರು ನುಂಗುತ್ತಿದ್ದ ಚುರುಕುಗುಳಿಗೆಗಳ ಸಂಗತಿಯನ್ನು ಬಯಲಿಗಿಟ್ಟರು. ಆಗಿನ ಕಮಿಷನರ್ ಅವರನ್ನು ಕರೆಸಿ, ಬರೆದದ್ದು ಸುಳ್ಳೆಂದು ಸಹಿ ಹಾಕಲು ಹೇಳಿದರು. ಬೌಟನ್ ಒಪ್ಪಲಿಲ್ಲ. ಯಾಂಕೀಸ್ ತಂಡ ಹಳೆಯ ಆಟಗಾರರ ದಿನಕ್ಕೆ ಅವರನ್ನು ಕರೆದದ್ದು ೧೯೯೮ರಲ್ಲಿ, ೨೮ ವರ್ಷಗಳ ಮೇಲೆ. ಈ ಪಾಠ ಮುಂದಿನ ತಲೆಮಾರಿಗೆ ಚೆನ್ನಾಗಿಯೇ ಮನನವಾಗಿತ್ತು.

೨೦೦೨ರಲ್ಲಿ ಕೆನ್ ಕ್ಯಾಮಿನಿಟಿ ಅದನ್ನು ಮುರಿದರು. ೧೯೯೬ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದಾಗ ತಾನು ಸ್ಟೀರಾಯ್ಡ್ ಬಳಸುತ್ತಿದ್ದೆ ಎಂದು ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಗೆ ಹೇಳಿದರು. ಅರ್ಧದಷ್ಟು ಆಟಗಾರರಾದರೂ ಬಳಸುತ್ತಾರೆ ಎಂದರು. ಜೊತೆಯವರು ಮುಗಿಬಿದ್ದರು. ಅವರು ‘ಅರ್ಧ’ ಎಂಬ ಲೆಕ್ಕವನ್ನು ಹಿಂತೆಗೆದುಕೊಂಡರು, ತನ್ನ ಬಗ್ಗೆ ಹೇಳಿದ್ದನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಆ ಗದ್ದಲದ ಫಲವಾಗಿಯೇ ಮೇಜರ್ ಲೀಗ್‌ನಲ್ಲಿ ಮೊದಲ ಬಾರಿ ಸ್ಟೀರಾಯ್ಡ್ ಪರೀಕ್ಷೆಗೆ ದಾರಿಯಾಯಿತು. ೨೦೦೪ರ ಅಕ್ಟೋಬರ್‌ನಲ್ಲಿ, ೪೧ನೆಯ ವಯಸ್ಸಿನಲ್ಲಿ, ಮಾದಕವಸ್ತುಗಳ ಅತಿಸೇವನೆಯಿಂದ ಅವರು ತೀರಿಕೊಂಡರು. ಮರುವರ್ಷ ಹೋಸೆ ಕ್ಯಾನ್ಸೆಕೊ ಹೆಸರುಗಳ ಸಮೇತ ಪುಸ್ತಕ ಬರೆದಾಗ, ಹಣಕ್ಕಾಗಿ ಬೊಗಳೆ ಬಿಡುತ್ತಿದ್ದಾನೆ ಎಂದು ಎಲ್ಲರೂ ನಕ್ಕರು. ಆ ಹೆಸರುಗಳಲ್ಲಿ ಮೆಗ್ವೈರ್ ಇದ್ದರು, ಪಾಲ್ಮೇರೊ ಕೂಡ ಇದ್ದರು.

ಬಾಯಿಲ್ಲದವರ ಪ್ರತಿಭಟನೆ

ಮದ್ದು ಮುಟ್ಟದವರ ಇಕ್ಕಟ್ಟು ಎಂಥದ್ದೆಂದು ತೋರಿಸುವ ಪ್ರಸಂಗವೊಂದು ೨೦೦೩ರಲ್ಲಿ ನಡೆಯಿತು. ಆ ವರ್ಷ ಹೆಸರು ಹೊರಬರದ ಸಮೀಕ್ಷಾ ಪರೀಕ್ಷೆ ಇತ್ತು. ಶೇಕಡ ೫ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಕಂಡರೆ ಮಾತ್ರ ಮುಂದಿನ ವರ್ಷದಿಂದ ಶಿಕ್ಷೆಯಿರುವ ಪರೀಕ್ಷೆ ಬರಬೇಕು ಎಂಬುದು ಒಪ್ಪಂದ. ಪರೀಕ್ಷೆಗೆ ಒಲ್ಲೆ ಎಂದವರನ್ನೂ ಮದ್ದು ತೆಗೆದುಕೊಂಡವರೆಂದೇ ಎಣಿಸಲಾಗುತ್ತಿತ್ತು. ಶಿಕಾಗೊ ವೈಟ್ ಸಾಕ್ಸ್ ತಂಡದ ಕೆಲವರು ಒಂದು ಉಪಾಯ ಯೋಚಿಸಿದರು: ನಾವು ಬೇಕೆಂದೇ ಮಾದರಿ ಕೊಡದಿದ್ದರೆ ಲೆಕ್ಕ ಏರುತ್ತದೆ, ನಿಜವಾದ ಪರೀಕ್ಷೆ ಬರುತ್ತದೆ. ಕೊನೆಗೆ ಅವರ ಮನವೊಲಿಸಿ ಪರೀಕ್ಷೆ ಮಾಡಿಸಲಾಯಿತು. ಪರೀಕ್ಷೆ ಬೇಕು ಎಂದು ಬಾಯಿಬಿಟ್ಟು ಕೇಳಲಾಗದೆ, ಕಳ್ಳರ ಲೆಕ್ಕಕ್ಕೆ ತಮ್ಮನ್ನೇ ಸೇರಿಸಿಕೊಳ್ಳಲು ಸಾಚಾ ಆಟಗಾರರು ಹೊರಟಿದ್ದರು! ಅವರ ನೆರವಿಲ್ಲದೆಯೇ ಲೆಕ್ಕ ಶೇಕಡ ೫ ದಾಟಿತು.

೨೦೦೭ರಲ್ಲಿ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ತನಿಖೆ ನಡೆಸಿದಾಗ, ಗೊತ್ತಿದ್ದದ್ದನ್ನು ಹೇಳಿ ಎಂದು ಆಡುತ್ತಿದ್ದ ಪ್ರತಿಯೊಬ್ಬ ಆಟಗಾರನಿಗೂ ಪತ್ರ ಕಳಿಸಿದರು. ಜೊತೆಗೆ ಸಂಘವೂ ಒಂದು ಪತ್ರ ಕಳಿಸಿತು, ಸಹಕರಿಸುವ ಮನಸ್ಸಿದ್ದವರೂ ಹಿಂಜರಿಯುವಂಥದ್ದು. ಮಿಚೆಲ್ ಪತ್ರಕ್ಕೆ ಬಂದ ಉತ್ತರಗಳ ಸಂಖ್ಯೆ ಸೊನ್ನೆ. ಅವರ ೪೦೯ ಪುಟಗಳ ವರದಿಯಲ್ಲಿ ೮೯ ಆಟಗಾರರ ಹೆಸರಿತ್ತು. ಅವುಗಳಲ್ಲಿ ಬಹಳಷ್ಟು ಬಂದದ್ದು ತಂಡವೊಂದರ ಮಾಜಿ ಕೆಲಸಗಾರನಿಂದ. ಮದ್ದು ಮಾರಿ ಪೊಲೀಸರ ಕೈಗೆ ಸಿಕ್ಕಿದ್ದರಿಂದ ಅವನು ಬಾಯಿ ಬಿಡಲೇಬೇಕಾಗಿತ್ತು. ತಾರೆಗಳ ಗುಟ್ಟು ಅಡಗಿದ್ದದ್ದು ಅವರ ಟವೆಲು ಮಡಿಸುವವರ ಬಳಿ.

ಈ ಮೌನದ ಬೆಲೆ ತೆತ್ತವರು ನಮಗೆ ಹೆಸರೇ ಗೊತ್ತಿಲ್ಲದವರು. ಡ್ಯಾನ್ ನಾಲ್ಟಿ ಎಂಬ ಪಿಚರ್ ೧೯೯೪ರಲ್ಲಿ ಮೈನರ್ ಲೀಗ್ ತಂಡವೊಂದರಲ್ಲಿದ್ದರು. ಸ್ಟೀರಾಯ್ಡ್‌ನಿಂದ ಮೈ ಬೆಳೆಸಿ, ಎಸೆತದ ವೇಗ ಹೆಚ್ಚಿಸಿ ಮೇಜರ್ ಲೀಗ್ ತಲುಪಿದರು. ೧೯೯೯ರಲ್ಲಿ ಯಾಂಕೀಸ್ ಜೊತೆ ಪ್ರಶಸ್ತಿಯನ್ನೂ ಗೆದ್ದರು. ಮದ್ದು ಮುಟ್ಟದೆ ಅವರೊಂದಿಗೆ ಅಭ್ಯಾಸ ಮಾಡುತ್ತಿದ್ದ ಪಿಚರ್‌ಗಳಿಗೆ ಆ ಮೆಟ್ಟಿಲು ಸಿಗಲೇ ಇಲ್ಲ. ಅವರ ಜಾಗ ಕಸಿದುಕೊಂಡೆ ಎಂದು ನಾಲ್ಟಿ ಆಮೇಲೆ ಬಹಿರಂಗವಾಗಿ ಮರುಗಿದರು. ೧೯೯೮ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳವೇ ವರ್ಷಕ್ಕೆ ೧,೭೦,೦೦೦ ಡಾಲರ್. ಮೈನರ್ ಲೀಗ್‌ನವರು ಬೇಸಿಗೆಯಲ್ಲಿ ಆಡಿ, ಚಳಿಗಾಲದಲ್ಲಿ ಬೇರೆ ಕೆಲಸ ಹುಡುಕಿಕೊಳ್ಳಬೇಕಿತ್ತು. ಆಗ ಅವರಿಗೆ ಆ ಸಂಘದ ಸದಸ್ಯತ್ವವೂ ಇರಲಿಲ್ಲ. ಯಾರ ಹಕ್ಕು ಕಾಪಾಡಲು ಸಂಘ ಸುಮ್ಮನಿತ್ತೋ, ಆ ಹಕ್ಕಿನ ಬಾಗಿಲ ಹೊರಗೇ ಇವರು ನಿಂತಿದ್ದರು.

ಅವರಿಗಿಂತಲೂ ಹೊರಗಿದ್ದವರು ಮಕ್ಕಳು. ೨೦೦೫ರ ಆ ವಿಚಾರಣೆಯಲ್ಲಿ ತಾರೆಯರಿಗಿಂತ ಮೊದಲು ಟೆಕ್ಸಾಸ್‌ನ ತಂದೆಯೊಬ್ಬರು ಮಾತಾಡಿದ್ದರು. ಶಾಲಾ ತಂಡದಲ್ಲಿ ಆಡುತ್ತಿದ್ದ ಅವರ ೧೭ ವರ್ಷದ ಮಗ ಸ್ಟೀರಾಯ್ಡ್ ಬಳಸಿ, ಬಿಟ್ಟ ಮೇಲೆ ಖಿನ್ನತೆಗೆ ಜಾರಿ ಪ್ರಾಣ ಕಳೆದುಕೊಂಡಿದ್ದ. ಮದ್ದು ತೆಗೆದುಕೊಂಡ ಆಟಗಾರರನ್ನು ಆ ತಂದೆ ಹೇಡಿಗಳು ಎಂದು ಕರೆದರು.

ಉಳಿದ ಅನುಮಾನ

ಇಂದು ನಿಯಮ ಬಿಗಿಯಾಗಿದೆ. ಮೊದಲ ಸಲ ಸಿಕ್ಕಿಬಿದ್ದರೆ ೮೦ ಪಂದ್ಯ, ಎರಡನೆಯ ಸಲ ೧೬೨, ಮೂರನೆಯ ಸಲ ಆಜೀವ ನಿಷೇಧ. ಆದರೆ ಆ ಕಾಲದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಆಟಗಾರರ ಪಾಲಿನ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್ ಸೇರಲು ಪತ್ರಕರ್ತರ ಶೇಕಡ ೭೫ ಮತ ಬೇಕು. ೭೬೨ ಹೋಮ್ ರನ್ ಹೊಡೆದ ಬ್ಯಾರಿ ಬಾಂಡ್ಸ್, ೨೦೨೨ರಲ್ಲಿ ಹತ್ತನೆಯ ಹಾಗೂ ಕೊನೆಯ ಅವಕಾಶದಲ್ಲಿ ಶೇಕಡ ೬೬ಕ್ಕೆ ನಿಂತರು. ಅವರ ತರಬೇತುದಾರ ನ್ಯಾಯಾಲಯದಲ್ಲಿ ಬಾಯಿ ಬಿಡಲೊಲ್ಲದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದರು. ಆ ಕಾಲದ ಕಮಿಷನರ್ ಬಡ್ ಸೆಲಿಗ್ ಮತ್ತು ಮ್ಯಾನೇಜರ್ ಲಾ ರೂಸಾ ಮಾತ್ರ ಸಮಿತಿಯ ಬಾಗಿಲಿನಿಂದ ಸರಾಗವಾಗಿ ಒಳಹೋದರು.

ಇನ್ನೊಂದು ಕಡೆ ಜೆಫ್ ಬ್ಯಾಗ್ವೆಲ್ ಅಂಥವರು. ಯಾವ ಪರೀಕ್ಷೆಯಲ್ಲೂ ಸಿಕ್ಕಿಬೀಳದಿದ್ದರೂ ಅನುಮಾನ ಬೆನ್ನುಬಿಡಲಿಲ್ಲ, ಏಳನೆಯ ಸಲಕ್ಕೆ ಗೌರವ ಸಿಕ್ಕಿತು. ಎಲ್ಲರೂ ಸುಮ್ಮನಿದ್ದಾಗ ಯಾರ ಸುಮ್ಮನಿರುವಿಕೆ ಭಯದ್ದು, ಯಾರದು ಸೌಜನ್ಯದ್ದು, ಯಾರದು ಅಪರಾಧದ್ದು ಎಂದು ಬೇರ್ಪಡಿಸುವುದು ಹೇಗೆ? ಕಳ್ಳರನ್ನು ಬಚ್ಚಿಟ್ಟ ಕತ್ತಲೆ ಸಾಚಾ ಮನುಷ್ಯನ ಮುಖವನ್ನೂ ಮುಚ್ಚಿತು.

ಫ್ರ್ಯಾಂಕ್ ಥಾಮಸ್ ಅವರದೊಂದು ಉದಾಹರಣೆ ಸಾಕು. ತೊಂಬತ್ತರ ದಶಕದಿಂದಲೂ ಪರೀಕ್ಷೆ ಬೇಕು ಎನ್ನುತ್ತಿದ್ದವರು ಅವರು. ಆಗ ಆಡುತ್ತಿದ್ದವರಲ್ಲಿ ಯಾರ ಒತ್ತಾಯವೂ ಇಲ್ಲದೆ ಮಿಚೆಲ್ ತಂಡದೊಂದಿಗೆ ಮಾತಾಡಿದವರೂ ಅವರೊಬ್ಬರೇ. ೨೦೧೪ರಲ್ಲಿ ಮೊದಲ ಅವಕಾಶದಲ್ಲೇ ಹಾಲ್ ಆಫ್ ಫೇಮ್ ಸೇರಿದರು. ಅವರ ೫೨೧ ಹೋಮ್ ರನ್‌ಗಳ ಪಕ್ಕದಲ್ಲಿ ಯಾರೂ ಪ್ರಶ್ನಾರ್ಥಕ ಚಿಹ್ನೆ ಹಾಕುವುದಿಲ್ಲ. ಮಾತಾಡಿದ್ದರಿಂದ ಅವರಿಗೆ ಉಳಿದದ್ದು ಇದು.

ಸೋಸಾ ತಮ್ಮಿಂದ ತಪ್ಪುಗಳಾಗಿವೆ ಎಂದು ಒಪ್ಪಿಕೊಂಡದ್ದು ೨೦೨೪ರ ಡಿಸೆಂಬರ್‌ನಲ್ಲಿ, ಅದೂ ಏನೆಂದು ಬಿಡಿಸಿ ಹೇಳದೆ. ಮೆಗ್ವೈರ್ ೨೦೧೦ರಲ್ಲಿ ತಪ್ಪೊಪ್ಪಿಕೊಂಡಾಗ ರೋಜರ್ ಮ್ಯಾರಿಸ್ ಅವರ ಪತ್ನಿಗೆ ಫೋನ್ ಮಾಡಿ ಕ್ಷಮೆ ಕೇಳಿದ್ದರು. ಮ್ಯಾರಿಸ್ ತೀರಿಕೊಂಡು ಆಗಲೇ ೨೪ ವರ್ಷವಾಗಿತ್ತು. ಮೈನರ್ ಲೀಗ್‌ನಲ್ಲೇ ಉಳಿದು ಊರಿಗೆ ಮರಳಿದ ಹುಡುಗರಿಗೆ ಅಂಥ ಫೋನ್ ಮಾಡಲು ಯಾರ ಬಳಿಯೂ ನಂಬರ್ ಇಲ್ಲ.