ಕಮಿಟ್ ಮಾಡುವ ಹಕ್ಕು ಯಾರದು?

ಬಸ್ಸಿನ ಸೀಟನ್ನು ಮೊಬೈಲಿನಲ್ಲಿ ಕಾಯ್ದಿರಿಸುವವರಿಗೆ ಕಾಣುವುದು ಒಂದೇ ಬಟನ್. ಒಳಗೆ ತಂತ್ರಾಂಶ ಮೂರು ಕೆಲಸ ಮಾಡಬೇಕು: ಸೀಟು ಭರ್ತಿಯಾಯಿತೆಂದು ಬರೆಯಬೇಕು, ಆ್ಯಪಿನದೇ ವ್ಯಾಲೆಟ್‌ನಿಂದ ಹಣ ಕಳೆಯಬೇಕು, ಟಿಕೆಟ್ ದಾಖಲಿಸಬೇಕು. ಮೂರಕ್ಕೂ ಬೇರೆ ಬೇರೆ ಮೆಥಡ್‌ಗಳಿರುತ್ತವೆ. ಹಣ ಕಡಿತವಾದ ಕೂಡಲೇ ಸರ್ವರ್ ಕೈಕೊಟ್ಟರೆ ದುಡ್ಡೂ ಹೋಯಿತು, ಟಿಕೆಟೂ ಇಲ್ಲ. ಇಂಥ ಅರ್ಧಂಬರ್ಧ ಸ್ಥಿತಿಯನ್ನು ತಪ್ಪಿಸುವುದೇ ಟ್ರಾನ್ಸಾಕ್ಷನ್: ಆದರೆ ಮೂರೂ ಆಗಬೇಕು, ಇಲ್ಲವಾದರೆ ಒಂದೂ ಆಗಕೂಡದು. ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1981ರ ಪ್ರಬಂಧದಲ್ಲಿ ಈ ಪರಿಕಲ್ಪನೆಯನ್ನು ವಿವರಿಸಿದರು. 1983ರಲ್ಲಿ ಹಾರ್ಡರ್ ಮತ್ತು ರಾಯ್ಟರ್ ಅದರ ಗುಣಗಳಿಗೆ ‘ಆ್ಯಸಿಡ್’ ಎಂಬ ಹೆಸರಿಟ್ಟರು. ಆದರೆ ಯಾವ ಯಾವ ಆದೇಶಗಳು ಸೇರಿ ಒಂದು ಕೆಲಸವಾಗುತ್ತದೆ ಎಂಬುದು ಡೇಟಾಬೇಸಿಗೆ ತಿಳಿಯದು. ಅದನ್ನು ಕೋಡ್ ಹೇಳಬೇಕು: ಎಲ್ಲ ಸರಿಯಾದರೆ ಕಮಿಟ್, ಅಂದರೆ ಕಾಯಂ ಮಾಡು; ಇಲ್ಲವಾದರೆ ರೋಲ್‌ಬ್ಯಾಕ್, ಅಂದರೆ ರದ್ದು ಮಾಡು. ಹೇಳುವ ಹಕ್ಕು ಟೇಬಲ್ ಮುಟ್ಟುವ ಚಿಕ್ಕ ಮೆಥಡ್‌ಗಳದ್ದಲ್ಲ, ಇಡೀ ಕೆಲಸವನ್ನು ಬಲ್ಲ ಮೇಲಿನ ಮೆಥಡ್‌ನದು ಎಂಬುದು ನನ್ನ ವಾದ.

ಜಾವಾ ಕೋಡನ್ನು ಡೇಟಾಬೇಸಿಗೆ ಜೋಡಿಸುವ ಜೆಡಿಬಿಸಿಯಲ್ಲಿ ಹೊಸ ಕನೆಕ್ಷನ್ ಆಟೋ-ಕಮಿಟ್ ಸ್ಥಿತಿಯಲ್ಲೇ ತೆರೆದುಕೊಳ್ಳುತ್ತದೆ. ನಾವು ಸುಮ್ಮನಿದ್ದರೆ ಒಂದೊಂದು ಆದೇಶವೂ ತಾನೇ ಒಂದು ಟ್ರಾನ್ಸಾಕ್ಷನ್. ಇದನ್ನು ನಿಲ್ಲಿಸಿ ಪ್ರತಿ ಮೆಥಡ್‌ನ ಕೊನೆಯಲ್ಲೂ ಕಮಿಟ್ ಬರೆದರೂ ಕಷ್ಟ ತಪ್ಪುವುದಿಲ್ಲ. ಸೀಟಿನ ಮೆಥಡ್ ಕಮಿಟ್ ಮಾಡಿ ಮುಗಿಸಿದ ಮೇಲೆ ಹಣದ ಮೆಥಡ್ ವಿಫಲವಾದರೆ ಸೀಟನ್ನು ರೋಲ್‌ಬ್ಯಾಕ್ ಮಾಡಲಾಗದು. ನಾಳೆ ‘ಹಳೆಯ ಸೀಟು ಬಿಟ್ಟು ಹೊಸದು ಕೊಡಿ’ ಎಂಬ ಸೌಲಭ್ಯ ಬಂದರೆ ಅದೇ ಮೆಥಡನ್ನು ಅಲ್ಲಿ ಬಳಸಲೂ ಆಗದು. ಕಮಿಟ್ ಮಾಡದೆ, ಕೊಟ್ಟ ಕನೆಕ್ಷನ್‌ನಲ್ಲೇ ಕೆಲಸ ಮಾಡುವ ಮೆಥಡ್ ಮಾತ್ರ ಎಲ್ಲಿಗೂ ಹೊಂದುತ್ತದೆ.

ಕನೆಕ್ಷನನ್ನು ಮೆಥಡ್‌ನಿಂದ ಮೆಥಡ್‌ಗೆ ದಾಟಿಸುತ್ತಾ ಹೋಗುವುದು ಕಿರಿಕಿರಿಯಲ್ಲವೇ? ಹೌದು. ಅದಕ್ಕೇ ಸ್ಪ್ರಿಂಗ್‌ನಂಥ ಫ್ರೇಮ್‌ವರ್ಕ್‌ಗಳು ಕನೆಕ್ಷನನ್ನು ಥ್ರೆಡ್‌ಗೆ ಕಟ್ಟಿಹಾಕುತ್ತವೆ. ಮೆಥಡ್‌ನ ಮೇಲೆ ‘ಟ್ರಾನ್ಸಾಕ್ಷನಲ್’ ಎಂದು ಗುರುತು ಹಾಕಿದರೆ, ಆಗಲೇ ಟ್ರಾನ್ಸಾಕ್ಷನ್ ಇದ್ದಲ್ಲಿ ಆ ಮೆಥಡ್ ಅದಕ್ಕೆ ಸೇರಿಕೊಳ್ಳುತ್ತದೆ, ಇಲ್ಲದಿದ್ದರೆ ಹೊಸದನ್ನು ಆರಂಭಿಸುತ್ತದೆ. ಅನುಕೂಲವೇನೋ ಸರಿ, ಆದರೆ ಟ್ರಾನ್ಸಾಕ್ಷನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಗಡಿ ಕಣ್ಣಿಗೆ ಕಾಣದಂತಾಗುತ್ತದೆ. ಹೊರಗಿನಿಂದ ಬರುವ ಕರೆಗಳನ್ನಷ್ಟೇ ತಡೆದು ಟ್ರಾನ್ಸಾಕ್ಷನ್ ನಡೆಸುವ ಸಾಮಾನ್ಯ ಪ್ರಾಕ್ಸಿ ವಿಧಾನದಲ್ಲಿ, ಒಂದೇ ಕ್ಲಾಸಿನೊಳಗಿನ ಮೆಥಡ್ ಇನ್ನೊಂದನ್ನು ನೇರವಾಗಿ ಕರೆದರೆ ಒಳಗಿನದರ ಗುರುತಿಗೆ ಬೆಲೆಯಿಲ್ಲ. ಒಳಗಿನ ಮೆಥಡ್‌ನ ದೋಷ ಟ್ರಾನ್ಸಾಕ್ಷನ್ನಿಗೆ ‘ರೋಲ್‌ಬ್ಯಾಕ್ ಮಾತ್ರ’ ಎಂಬ ಮುದ್ರೆ ಒತ್ತಿದ ಮೇಲೆ, ಹೊರಗಿನದು ಆ ದೋಷವನ್ನು ನುಂಗಿಕೊಂಡು ಮುಂದುವರಿದರೂ ಕೊನೆಯ ಕಮಿಟ್ ನಡೆಯದು. ಗುರುತು ಹಾಕಿದ ಮಾತ್ರಕ್ಕೆ ಗಡಿಯ ಯೋಚನೆ ಮುಗಿಯುವುದಿಲ್ಲ.

ಗಡಿ ಮೇಲಕ್ಕೆ ಹೋದಷ್ಟೂ ಟ್ರಾನ್ಸಾಕ್ಷನ್ ಉದ್ದವಾಗಿ, ಲಾಕ್‌ಗಳು ಬಹಳ ಹೊತ್ತು ಉಳಿಯುತ್ತವೆ ಎಂಬ ಆಕ್ಷೇಪಣೆ ನಿಜ. ಆದ್ದರಿಂದ ಎಸ್‌ಎಂಎಸ್, ಪೇಮೆಂಟ್ ಗೇಟ್‌ವೇಯಂಥ ಹೊರಗಿನ ಕರೆಗಳನ್ನು ಗಡಿಯಾಚೆ ಇಡಬೇಕು. ಕಳುಹಿಸಿದ ಎಸ್‌ಎಂಎಸ್ಸನ್ನು ಯಾವ ರೋಲ್‌ಬ್ಯಾಕೂ ಹಿಂದಕ್ಕೆ ತರದು. ದೀರ್ಘ ಕೆಲಸಗಳನ್ನು ಒಡೆದು, ಪ್ರತಿ ಹಂತಕ್ಕೂ ಪರಿಹಾರ ಕ್ರಮ ಜೋಡಿಸುವ ‘ಸಾಗಾ’ ವಿಧಾನವನ್ನು ಗಾರ್ಸಿಯಾ-ಮೊಲಿನಾ ಮತ್ತು ಸೇಲಂ 1987ರಲ್ಲೇ ಮಂಡಿಸಿದ್ದರು. ವಿಫಲ ಯತ್ನದ ದಾಖಲೆ ಉಳಿಯಲೇಬೇಕಾದರೆ ಅದಕ್ಕೆ ಪ್ರತ್ಯೇಕ ಟ್ರಾನ್ಸಾಕ್ಷನ್ ಬೇಕು, ಅಂದರೆ ಎರಡನೇ ಕನೆಕ್ಷನ್ ಬೇಕು. ತೆರೆದಿಟ್ಟ ಕನೆಕ್ಷನ್‌ಗಳ ಪೂಲ್‌ನಲ್ಲಿರುವುದು ಹತ್ತೇ ಎಂದುಕೊಳ್ಳಿ. ಹತ್ತು ಥ್ರೆಡ್‌ಗಳು ಒಂದೊಂದನ್ನು ಹಿಡಿದು ಇನ್ನೊಂದಕ್ಕೆ ಕಾದರೆ ಯಾರ ಕೆಲಸವೂ ಸಾಗದು. ಎಲ್ಲಿ ಒಡೆಯಬೇಕು, ಯಾವುದನ್ನು ಹೊರಗಿಡಬೇಕು, ಯಾವುದು ರೋಲ್‌ಬ್ಯಾಕ್ ಆದರೂ ಉಳಿಯಬೇಕು ಎಂಬ ಈ ತೀರ್ಮಾನಗಳಲ್ಲಿ ಒಂದನ್ನೂ ಸೀಟಿನ ಟೇಬಲ್ ಮಾತ್ರ ಬಲ್ಲ ಮೆಥಡ್ ಮಾಡಲಾರದು. ವಿನಾಯಿತಿಗಳನ್ನು ಕೊಡುವುದಕ್ಕೂ ಇಡೀ ಕೆಲಸ ಗೊತ್ತಿರಬೇಕು. ಕಮಿಟ್‌ನ ಹಕ್ಕು ಅದನ್ನು ಬಲ್ಲ ಮೇಲಿನ ಮೆಥಡ್‌ನಲ್ಲೇ ಇರಬೇಕು.