ತಪ್ಪು ಮಾಡದವರಿಗೆ ಖಾಸಗಿತನ ಯಾಕೆ?

‘ತಪ್ಪು ಮಾಡದವರು ಕಣ್ಗಾವಲಿಗೆ ಹೆದರಬೇಕಿಲ್ಲ’ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ನಮಗೂ ಆಗಾಗ ಬರುತ್ತದೆ. ಇದು ಸರಿಯೇ?

ಅಲ್ಲ. ನಾವು ಬಚ್ಚಲುಮನೆಗೆ ಚಿಲಕ ಹಾಕುವುದು ಕಳ್ಳತನ ಮುಚ್ಚಿಡಲಿಕ್ಕಲ್ಲ.

ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಕೆ.ಎಸ್. ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ. ಆಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ‘ಅದು ಮೂಲಭೂತ ಹಕ್ಕೇ’ ಎಂದಿತು. 2018ರ ತೀರ್ಪಿನಲ್ಲಿ ಆಧಾರ್ ಉಳಿಯಿತು. ಸಿಮ್, ಬ್ಯಾಂಕ್ ಖಾತೆಗೆ ಅದು ಕಡ್ಡಾಯವಲ್ಲ ಎಂದಾಯಿತು.

ಈ ಹಕ್ಕಿಗೂ ಮಿತಿಯಿದೆ. ಆದರೆ ನಮ್ಮ ಮೇಲೆ ಕಣ್ಣಿಡಲು ಸರ್ಕಾರಕ್ಕೆ ಕಾನೂನಿನ ಬಲ, ನ್ಯಾಯವಾದ ಉದ್ದೇಶ ಬೇಕು. ಅಗತ್ಯಕ್ಕಿಂತ ಹೆಚ್ಚು ಇಣುಕುವಂತಿಲ್ಲ. ಕಾರಣ ಹೇಳಬೇಕಾದವರು ಇಣುಕುವವರು.